ಕೆರೆಯಾಚೆಗೆ ಒಂದು ಟ್ರಂಕಾಲ್

ಹಾಲ್ಕುರಿಕೆ
ಶನಿವಾರ, 24-11-1979

ಪ್ರೀತಿಯ ಬಸವರಾಜು,

ಅಲ್ಲಿ ಚಳಿ ಹೇಗಿದೆ? ಹೋದ ವರ್ಷ ಇದೇ ಹೊತ್ತಿಗೆ ಹಿಮ್ಮಡಿ ಒಡೆದು ಬೂಟು ಹಾಕುವುದಕ್ಕೂ ಆಗುತ್ತಿಲ್ಲ ಎಂದು ನೀನು ಬರೆದಿದ್ದೆ. ದಸರೆಗೆ ಮುಂಚೆ ಕಳಿಸಿದ ಕೊಬ್ಬರಿ ಎಣ್ಣೆ ಡಬ್ಬಿ ತಲುಪಿತೋ, ದಾರಿಯಲ್ಲೇ ಸೋರಿಹೋಯಿತೋ ನೀನು ತಿಳಿಸಲಿಲ್ಲ. ಆ ಚಳಿಗೆ ಎಣ್ಣೆ ಕಲ್ಲಾಗಿರುತ್ತದೆ, ಬಿಸಿಲಿಗಿಟ್ಟು ಕರಗಿಸಿ ರಾತ್ರಿ ಮಲಗುವಾಗ ಕಾಲಿಗೆ ಹಚ್ಚಿಕೋ. ಮೆಸ್ಸಿನ ಊಟ ಸೇರುತ್ತದೆಯೋ ಇಲ್ಲವೋ ಅದನ್ನೂ ಬರೆ. ನಿಮ್ಮಪ್ಪ ಚೆನ್ನಾಗಿದ್ದಾರೆ. ಅಟ್ಟದ ಕಾಯಿ ಇಳಿಸುವ ಕೆಲಸ ನಡೆದಿದೆ. ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಕೇಳಿ ಆಮೇಲೇ ಸುಲಿಯುವವರ ಕೈಗೆ ಕೊಡುತ್ತಾರೆ. ಅವರಿಗೆ ಬೇರೆ ಯಾರ ಕಿವಿಯ ಮೇಲೂ ನಂಬಿಕೆಯಿಲ್ಲ. ಅದಕ್ಕೇ ನಾನು ಈಗ ಹೇಳಹೊರಟಿರುವ ಪ್ರಯಾಣಕ್ಕೆ ಅವರು ಬರಲಿಲ್ಲ.

ಗಿರಿಜನಿಗೆ ಟೆಲಿಫೋನ್ ಆಪರೇಟರ್ ಕೆಲಸದ ಆರ್ಡರು ಬಂದದ್ದು ನಿನಗೆ ಗೊತ್ತೇ ಇದೆ. ನಿನ್ನನ್ನು ಮದುವೆಯಾಗುವುದಕ್ಕೆ ಮುಂಚೆ ಬೆಂಗಳೂರಿನಲ್ಲಿ ಮೂರು ತಿಂಗಳು ತರಬೇತಿ ಮುಗಿಸಿ, ಹೆಸರು ಪಟ್ಟಿಯಲ್ಲಿದೆ ಎಂದು ಕಾದು ಕಾದು, ಎಲ್ಲರೂ ಮರೆತ ಮೇಲೆ ಬಂತು. ಊರು ಕೋಡಿಹಳ್ಳಿ. ಶಿರಾದಿಂದ ಆಚೆಗೆ, ಆಂಧ್ರದ ಗಡಿಯಲ್ಲಿ. ನವೆಂಬರ್ ಹದಿನೇಳರ ಒಳಗೆ ಸೇರಬೇಕು, ಇಲ್ಲವಾದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ಅವಳು ನಿನಗೆ ಬರೆದು ಕೇಳಿದ್ದಳು. ನಮ್ಮನ್ನು ಒತ್ತಾಯ ಮಾಡಲಿಲ್ಲ. ಮಂಗಳವಾರ ಸಾಯಂಕಾಲ ಹಿತ್ತಿಲಲ್ಲಿ ಹುಣಿಸೆಹಣ್ಣು ಬಿಡಿಸುತ್ತಾ, ತಲೆ ಎತ್ತದೆ, "ಅತ್ತೆ, ಊರು ಒಂದ್ಸಲ ನೋಡ್ಕಂಡು ಬರೋಣ. ಸರಿಯಿಲ್ಲ ಅನ್ಸಿದ್ರೆ ನಾನೇ ಬುಟ್ಬುಡ್ತೀನಿ" ಅಂದಳು. ಅವಳ ದನಿ ನಿನಗೆ ಗೊತ್ತಲ್ಲ, ಪಕ್ಕದಲ್ಲಿ ಕೂತವರೂ ಬಗ್ಗಿ ಕೇಳಿಸಿಕೊಳ್ಳಬೇಕು. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ ಎಂದು ನಿಮ್ಮಪ್ಪ ಎಷ್ಟೋ ಸಲ ತಣ್ಣನೆಯ ಮುದ್ದೆ ಉಂಡಿದ್ದಾರೆ. ಇಂಥವಳು ಟೆಲಿಫೋನಿನಲ್ಲಿ ಏನು ಮಾತಾಡುತ್ತಾಳೆ ಎಂದು ಒಳಗೊಳಗೇ ನಗು ಬಂತು. ನೋಡಿ ಬರುವುದರಲ್ಲಿ ಏನು ಹೋಗುತ್ತದೆ, ಅವಳ ಮನಸ್ಸಿಗೂ ಸಮಾಧಾನ, ಮಾರನೆಯ ದಿನ ಕರೆದುಕೊಂಡು ಬಂದುಬಿಡೋಣ ಎಂದುಕೊಂಡು ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೂ ಆಸೆಯಾಗಿತ್ತು. ಶೆಟ್ಟಿಕೆರೆ, ತಿಪಟೂರು, ಒಂದೆರಡು ಸಲ ತುಮಕೂರು ಬಿಟ್ಟರೆ ನಾನು ಕಂಡದ್ದೇನಿದೆ? ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುವ ಜಾಗ ಹೇಗಿರುತ್ತದೆ, ಅಲ್ಲಿ ಏನಾದರೂ ಗೀಟು ಗೀಟಿರುತ್ತಾರೋ ನೋಡಬೇಕು ಅನ್ನಿಸಿತು.

ಹದಿನೈದನೇ ತಾರೀಖು ಗುರುವಾರ ಬೆಳಗ್ಗೆ ನಿನ್ನ ಸೋದರಮಾವ ತೋಂಟದಾರ್ಯ ತಿಪಟೂರಿನಿಂದ ತನ್ನ ಟ್ಯಾಕ್ಸಿ ತಂದ. ಅದರ ಹಿಂದಿನ ಎಡಗಡೆ ಬಾಗಿಲು ಈಗಲೂ ತೆಗೆಯುವುದಿಲ್ಲ, ಒಂದೇ ಕಡೆಯಿಂದ ಹತ್ತಿ ಜರುಗಬೇಕು. ಹುಳಿಯಾರು ದಾಟುವ ತನಕ ತೆಂಗಿನ ಮರಗಳು ಎರಡೂ ಕಡೆ ನಮ್ಮ ಜೊತೆಗೇ ಬಂದವು. ಬುಕ್ಕಾಪಟ್ಟಣದ ಕಾಡು ಹೊಕ್ಕ ಮೇಲೆ ಕಮರದ ಮರ, ಜಾಲಿ, ಕಲ್ಲುಗುಡ್ಡ. ಶಿರಾದಲ್ಲಿ ಕಾಫಿ ಕುಡಿದು ಹೊರಟರೆ ಭೂಮಿ ಚಪ್ಪಟೆಯಾಗಿ ಕೆಂಪಗೆ ಬಿದ್ದುಕೊಂಡಿದೆ, ಎಲ್ಲಿ ನೋಡಿದರೂ ಕಡಲೆಕಾಯಿ ಹೊಲ. ದೂರದಲ್ಲಿ ಒಂದೇ ಒಂದು ತೆಂಗಿನ ಮರ ಕಂಡರೆ ಸಾಕು, ಪರಸ್ಥಳದಲ್ಲಿ ನಮ್ಮೂರಿನವರು ಸಿಕ್ಕಂತೆ ಗಿರಿಜನಿಗೆ ತೋರಿಸುತ್ತಿದ್ದೆ. ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದ ಕಡೆ ಹೊಲದಲ್ಲಿ ಕಡಲೆಗಿಡ ಕೀಳುತ್ತಿದ್ದ ಹೆಂಗಸೊಬ್ಬಳು ಒಂದು ಕಂತೆ ಗಿಡವನ್ನು ಮಣ್ಣು ಸಮೇತ ಕಾರಿನೊಳಗೆ ಇಟ್ಟಳು. ಅವಳು ಮಾತು ಶುರುಮಾಡಿದ್ದು ಕನ್ನಡದಲ್ಲಿ, ಮುಗಿಸಿದ್ದು ತೆಲುಗಿನಲ್ಲಿ. ನನಗೆ ಅರ್ಧ ಅರ್ಥವಾಯಿತು. ಗಿರಿಜ ಏನೋ ಒಂದು ಮಾತು ಹೇಳಿದಳು, ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಏನು ಹೇಳಿದೆ ಎಂದು ನಾನು ಕೇಳುವಷ್ಟರಲ್ಲಿ ಕಾರು ಹೊರಟಿತ್ತು.

ಕೋಡಿಹಳ್ಳಿ ಹಳ್ಳಿಯೆಂದರೆ ಹಳ್ಳಿಯಲ್ಲ, ಪೇಟೆಯೆಂದರೆ ಪೇಟೆಯಲ್ಲ. ಒಂದು ಉದ್ದನೆಯ ಬೀದಿ, ಅದರ ತುಂಬ ಹುಣಿಸೆಮರದ ನೆರಳು, ಅಂಗಡಿಗಳ ಮೇಲೆ ಕನ್ನಡ ತೆಲುಗು ಎರಡರಲ್ಲೂ ಬೋರ್ಡು. ಬಸ್ಸು ಬಂದಾಗ ಮಾತ್ರ ಊರು ಕಣ್ಣು ಬಿಡುತ್ತದೆ. ಬೀದಿ ಮುಗಿದಲ್ಲಿ ಏರಿ, ಏರಿ ಹತ್ತಿದರೆ ಕೆರೆ. ಬಸವರಾಜು, ನಮ್ಮ ಹಾಲ್ಕುರಿಕೆ ಕೆರೆಯನ್ನೇ ದೊಡ್ಡದೆಂದುಕೊಂಡವಳು ನಾನು. ಇದರ ಆಚೆ ದಡದ ಮನೆಗಳು ಉಗುರಿನಷ್ಟು ಕಾಣುತ್ತವೆ. ಒಂದೂವರೆ ಮೈಲಿಯಂತೆ. ಈ ವರ್ಷ ಮಳೆ ಚೆನ್ನಾಗಿ ಆಗಿ ಕೋಡಿ ಬಿದ್ದಿತ್ತು. ಆಚೆ ದಡದ ಊರು ಚೆರುವುಪಲ್ಲಿ, ಅದು ಆಂಧ್ರ. ಗಡಿ ಎಲ್ಲಿ ಎಂದು ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನನ್ನು ಕೇಳಿದೆ. ಕೆರೆಯ ನಡುವೆ ಎಲ್ಲೋ ಇರಬೇಕು ತಾಯಿ, ನೀರು ಬತ್ತಿದ ವರ್ಷ ಹುಡುಕಿದರೂ ಸಿಕ್ಕಲಿಲ್ಲ ಎಂದ. ಗಾಳಿ ಸ್ವಲ್ಪ ಜೋರಾಗಿತ್ತು. ಮೀನು ಒಣಗಿಸಿದ ವಾಸನೆಗೆ ನಾನು ಮೂಗಿಗೆ ಸೆರಗು ಮುಚ್ಚಿಕೊಂಡೆ. ಗಿರಿಜ ಸುಮ್ಮನೆ ನೀರು ನೋಡುತ್ತಾ ನಿಂತಿದ್ದಳು. ಅವಳ ಮುಖದಲ್ಲಿದ್ದ ಆಸೆ ನೋಡಿ, ಇವಳನ್ನು ಇಲ್ಲಿಗೆ ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಅನ್ನಿಸಿತು.

ಎಕ್ಸ್‌ಚೇಂಜು ಎಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಪೋಸ್ಟಾಫೀಸಿನ ಪಕ್ಕದಲ್ಲಿ ಹೆಂಚಿನ ಕೋಣೆ, ಒಳಗೆ ಗೋಡೆಗೆ ಆನಿಸಿದ ಬೀರುವಿನಂಥದ್ದೊಂದು. ಅದರ ತುಂಬ ಸಣ್ಣ ಸಣ್ಣ ತೂತುಗಳು, ಒಂದೊಂದರ ಮೇಲೂ ಒಂದೊಂದು ಪುಟ್ಟ ಮುಚ್ಚಳ. ಊರಿನಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ಮುಚ್ಚಳ ಟಪ್ಪೆಂದು ಬೀಳುತ್ತದೆ. ಆಗ ಹಿತ್ತಾಳೆ ತುದಿಯ ತಂತಿ ತೆಗೆದು ಆ ತೂತಿಗೆ ಸಿಕ್ಕಿಸಿ, ಯಾರು ಬೇಕೆಂದು ಕೇಳಿ, ಜೊತೆಯ ತಂತಿಯನ್ನು ಅವರ ತೂತಿಗೆ ಸಿಕ್ಕಿಸಬೇಕು. ಊರಿನಲ್ಲಿರುವುದು ಇಪ್ಪತ್ತಮೂರು ಫೋನು. ನೋಡಿಕೊಳ್ಳುವವರು ಸದಾಶಿವಯ್ಯ, ನಮ್ಮ ತುರುವೇಕೆರೆ ಕಡೆಯವರೇ. ಜೊತೆಯಲ್ಲಿದ್ದವರಿಗೆ ವರ್ಗವಾಗಿ ಎರಡು ತಿಂಗಳಿಂದ ಒಬ್ಬರೇ ಹೆಣಗಿ ಹೆಣಗಿ ಗಂಟಲು ಪೂರ್ತಿ ಕಟ್ಟಿತ್ತು. ಕೈಸನ್ನೆಯಲ್ಲೇ ನಮ್ಮನ್ನು ಕೂರಿಸಿ, ಗಿರಿಜನ ಆರ್ಡರು ನೋಡಿ, ದೇವರು ಕಂಡಂತೆ ಕೈ ಮುಗಿದರು. ಅವಳು, ಸೇರಲು ಬಂದದ್ದಲ್ಲ, ನೋಡಲು ಬಂದದ್ದು ಅಂದಾಗ ಪಾಪ, ಅವರ ಕೈ ಹಾಗೇ ನಿಂತುಬಿಟ್ಟಿತು. ಅವರ ಹೆಂಡತಿ ಗುರುಸಿದ್ದಮ್ಮ ಹಿಂದಿನ ಮನೆಯಲ್ಲಿ ಊಟಕ್ಕೆ ಹಾಕಿದರು. ಅವರೆಕಾಳು ಸಾರು ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು, ನಿಮ್ಮಪ್ಪನಿಗೆ ಹೇಳಬೇಡ.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಪುಟ್ಟಗಂಗಮ್ಮ ಬಂದಳು. ನಲವತ್ತೈದರ ಆಸುಪಾಸಿನ, ಒಣಕಲು ಮೈಯ ಹೆಂಗಸು, ಕೆರೆಯ ಬೆಸ್ತರವಳು. ಗಂಡ ದುರ್ಗಯ್ಯ ಹೊಸ ಬಲೆ ತರುವುದಕ್ಕೆ ಬೆಳಗ್ಗೆ ಒಬ್ಬನೇ ಹರಿಗೋಲಿನಲ್ಲಿ ಚೆರುವುಪಲ್ಲಿಗೆ ಹೊರಟಿದ್ದಾನೆ. ಅವನು ನಡುನೀರಿನಲ್ಲಿರುವುದನ್ನು ಇವಳು ಏರಿಯ ಮೇಲಿಂದ ಕಂಡಿದ್ದಾಳೆ. ಆಮೇಲೆ ಗಾಳಿ ಎದ್ದಿದೆ, ಕೆರೆಯೆಲ್ಲ ಅಲೆಯಾಗಿದೆ, ಹರಿಗೋಲು ಕಣ್ಣಿಗೆ ಬಿದ್ದಿಲ್ಲ. ದಡ ಮುಟ್ಟಿದನೋ ಮುಳುಗಿದನೋ ಯಾರಿಗೂ ತಿಳಿಯದು. ಆ ಗಾಳಿಯಲ್ಲಿ ನೀರಿಗಿಳಿಯಲು ಉಳಿದವರು ಒಪ್ಪಲಿಲ್ಲ. ತೋಂಟದಾರ್ಯ ತಾನು ರಸ್ತೆಯ ಮೇಲೆ ಸುತ್ತಿ ಹೋಗಿ ನೋಡಿ ಬರುತ್ತೇನೆಂದು ಕಾರು ತೆಗೆದ. ಅರ್ಧ ಗಂಟೆಯಲ್ಲಿ ವಾಪಸ್ಸು ಬಂದ. ಕೋಡಿಯ ನೀರು ರಸ್ತೆಯ ಮೇಲೆ ಸೊಂಟದುದ್ದ ಹರಿಯುತ್ತಿತ್ತಂತೆ. ಉಳಿದದ್ದು ಫೋನು. ಚೆರುವುಪಲ್ಲಿಯಲ್ಲಿ ಒಂದು ರೈಸ್ ಮಿಲ್ಲಿದೆ, ಮಿಲ್ಲಿನಲ್ಲಿ ಒಂದು ಫೋನಿದೆ.

ಇದನ್ನು ಕೇಳು. ಕಣ್ಣೆದುರಿಗೆ ಕಾಣುವ ಆ ದಡಕ್ಕೆ ಇಲ್ಲಿಂದ ನೇರ ತಂತಿಯಿಲ್ಲ. ಇಲ್ಲಿಂದ ಶಿರಾ, ಶಿರಾದಿಂದ ತುಮಕೂರು, ತುಮಕೂರಿನಿಂದ ಬೆಂಗಳೂರು, ಅಲ್ಲಿಂದ ಹಿಂದೂಪುರ, ಹಿಂದೂಪುರದಿಂದ ಮಡಕಶಿರಾ, ಮಡಕಶಿರಾದಿಂದ ಚೆರುವುಪಲ್ಲಿ. ಒಂದೂವರೆ ಮೈಲಿಗೆ ಇನ್ನೂರು ಮೈಲಿ ಸುತ್ತು. ಎಷ್ಟೋ ಸಲ ಟ್ರಂಕಾಲ್ ಬುಕ್ ಮಾಡಿದವರು ಹರಿಗೋಲಿನಲ್ಲಿ ಆಚೆಗೆ ಹೋಗಿ ಮಾತಾಡಿ ಬಂದು, ಆಮೇಲೆ ಕಾಲ್ ರದ್ದು ಮಾಡಿಸುತ್ತಾರಂತೆ. ಸದಾಶಿವಯ್ಯ ಶಿರಾದವರಿಗೆ ಹೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಮೂರು ಸಲ ಪ್ರಯತ್ನಪಟ್ಟು, ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಗಿರಿಜನ ಮುಂದೆ ಹಿಡಿದರು. ಅವಳು ನನ್ನ ಕಡೆ ನೋಡಿದಳು. ನಾನು ಹೋಗು ಅಂದೆನೋ ಸುಮ್ಮನಿದ್ದೆನೋ ಈಗ ನೆನಪಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಎತ್ತರದ ಸ್ಟೂಲಿನ ಮೇಲೆ ಕೂತಳು.

ಮೂರು ಗಂಟೆಗೆ ಶುರುವಾದದ್ದು. ಮೊದಲು ಶಿರಾ ಸಿಕ್ಕಿತು, ಆಮೇಲೆ ತುಮಕೂರು. ಬೆಂಗಳೂರು ಸಿಕ್ಕುವಷ್ಟರಲ್ಲಿ ಯಾವುದೋ ಊರಿನ ಹತ್ತಿರ ಲೈನು ಕಡಿಯಿತು. ಮತ್ತೆ ಮೊದಲಿಂದ. ಎರಡನೇ ಸಲ ಹಿಂದೂಪುರದವರೆಗೆ ಹೋಯಿತು. ಆಗ ಗಿರಿಜನ ಬಾಯಿಂದ ತೆಲುಗು ಬಂತು. ಬಸವರಾಜು, ನಮ್ಮ ಮನೆಗೆ ಬಂದ ಒಂದೂವರೆ ವರ್ಷದಲ್ಲಿ ಅವಳಿಗೆ ತೆಲುಗು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇ? ಅವಳ ತಂದೆ ಹಿಂದೂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದರು, ಇವಳು ಏಳನೇ ಕ್ಲಾಸಿನವರೆಗೆ ಅಲ್ಲೇ ಬೆಳೆದವಳು ಎಂಬುದು ಗೊತ್ತಿದ್ದರೂ ಅದೂ ಇದೂ ಸೇರಿಸಿ ಯಾರು ಯೋಚಿಸಿದ್ದರು? ಇನ್ನು ಅವಳ ದನಿ. ಕೂಗಾಟವಲ್ಲ, ದಬಾಯಿಸುವುದಲ್ಲ. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಬಾಗಿಲ ಹೊರಗೆ ನೆರೆದಿದ್ದವರಿಗೆಲ್ಲ ಕೇಳುವ ಹಾಗೆ. ನಾನು ಹುಡುಗಿಯನ್ನೇ ನೋಡುತ್ತಾ ಕೂತೆ, ಇವಳು ನಮ್ಮ ಮನೆಯವಳೇನಾ ಎಂದು.

ಪುಟ್ಟಗಂಗಮ್ಮ ಅಳಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು ಆ ಮುಚ್ಚಳಗಳನ್ನೇ ನೋಡುತ್ತಿದ್ದಳು. ಟಪ್ಪೆಂದರೆ ಸಾಕು, ಗಿರಿಜನ ಕಡೆ ತಿರುಗುತ್ತಿದ್ದಳು. ಎಪ್ಪತ್ತೊಂದರ ಯುದ್ಧದಲ್ಲಿ ನಲವತ್ತು ದಿನ ನಿನ್ನ ಕಾಗದ ಬರಲಿಲ್ಲ, ನೆನಪಿದೆಯಾ? ನಿನಗೇನು ನೆನಪಿರುತ್ತದೆ, ನೀನು ಅಲ್ಲಿದ್ದೆ. ದಿನಾ ಟಪಾಲಿನ ಹೊತ್ತಿಗೆ ನಾನು ಜಗಲಿಯ ಮೇಲೆ ಹೀಗೆಯೇ ಕೂರುತ್ತಿದ್ದೆ. ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಮೀನಿನ ವಾಸನೆ ಇತ್ತು, ಇರಲಿ.

ಐದಕ್ಕೆ ಹತ್ತು ನಿಮಿಷವಿದ್ದಾಗ ಮಡಕಶಿರಾದವಳು ಸಿಕ್ಕಳು. ಮಿಲ್ಲಿನಲ್ಲಿ ಎತ್ತುತ್ತಿಲ್ಲ, ಕೆಲಸ ಮುಗಿಸಿ ಹೋಗಿರಬೇಕು, ನಾಳೆ ನೋಡೋಣ ಎಂದಳಂತೆ. ಗಿರಿಜ ಅವಳಿಗೆ ಹೇಳಿದ ಮಾತನ್ನು ಸದಾಶಿವಯ್ಯನವರು ಆಮೇಲೆ ಒಂದು ಚೀಟಿಯಲ್ಲಿ ಬರೆದು ನನಗೆ ತೋರಿಸಿದರು. ಅಕ್ಕಾ, ಇಲ್ಲಿ ಒಬ್ಬಳು ಗಂಡನನ್ನು ಕೆರೆಗೆ ಬಿಟ್ಟು ಕೂತಿದ್ದಾಳೆ, ನಾಳೆ ಎಂದು ಅವಳಿಗೆ ನೀನೇ ಹೇಳು, ನನ್ನಿಂದ ಆಗುವುದಿಲ್ಲ ಅಂದಳಂತೆ. ಆ ಕಡೆಯವಳು ಬಿಡದೆ ಗಂಟೆ ಹೊಡೆದಳು. ಮಿಲ್ಲಿನ ಕಾವಲುಗಾರ ಎತ್ತಿದ. ಅವನನ್ನು ದಡಕ್ಕೆ ಓಡಿಸಿ ಕೇಳಿಸಬೇಕು, ಅವನು ಬರುವ ತನಕ ಲೈನು ಬಿಡಬಾರದು. ಮೂರು ನಿಮಿಷಕ್ಕೆ ಕಡಿಯುವುದು ಅವರ ಕಾಯಿದೆ. ಗಿರಿಜ ಪ್ರತಿ ಊರಿನವರಿಗೂ ಸಂಗತಿ ಹೇಳಿದಳು, ಹಿಂದೂಪುರಕ್ಕೆ ತೆಲುಗಿನಲ್ಲಿ, ಬೆಂಗಳೂರಿಗೆ ಇಂಗ್ಲಿಷಿನಲ್ಲಿ, ತುಮಕೂರು ಶಿರಾಕ್ಕೆ ನಮ್ಮ ಮಾತಿನಲ್ಲಿ. ಒಬ್ಬರೂ ಕಡಿಯಲಿಲ್ಲ. ಕಂಡು ಕೇಳರಿಯದ ಅಷ್ಟು ಊರಿನವರು ಒಬ್ಬ ದುರ್ಗಯ್ಯನಿಗಾಗಿ ತಂತಿ ಹಿಡಿದುಕೊಂಡು ಕೂತರು. ಗೋಡೆಯ ಗಡಿಯಾರದಲ್ಲಿ ನಾನು ಲೆಕ್ಕ ಹಾಕಿದೆ, ಹದಿನೆಂಟು ನಿಮಿಷ.

ಆಮೇಲೆ ಗಿರಿಜ ತಿರುಗಿ ನೋಡಿ, "ಬನ್ನಿ ಪುಟ್ಟಗಂಗಮ್ಮ, ನಿಮ್ಮ ಯಜಮಾನ್ರು ಮಾತಾಡ್ತಾರೆ" ಅಂದಳು.

ಪುಟ್ಟಗಂಗಮ್ಮನನ್ನು ನಾನು ಎಬ್ಬಿಸಿ ಕರೆದುಕೊಂಡು ಹೋದೆ. ಗಿರಿಜ ರಿಸೀವರು ಕಿವಿಗಿಟ್ಟರೆ ನಂಬಲಿಲ್ಲ. ಯಾರೋ ಗಂಡಸಿನ ದನಿ, ತನ್ನ ಸಮಾಧಾನಕ್ಕೆ ಯಾರನ್ನೋ ನಿಲ್ಲಿಸಿದ್ದಾರೆ ಎಂದುಕೊಂಡಳೇನೋ. "ನೀನೇ ಆದ್ರೆ ಹೇಳು, ಬೆಳಿಗ್ಗೆ ಮುದ್ದೆ ಜೊತೆಗೆ ಏನ್ ಕಟ್ಕೊಟ್ಟಿದ್ದೆ?" ಎಂದು ಕೇಳಿದಳು. ರಿಸೀವರಿನಿಂದ ಗರಗರ ಸದ್ದು ಬಂತು. "ಹುಚ್ಚೆಳ್ಳು ಚಟ್ನಿ ಅಂತೆ" ಎಂದು ನಮ್ಮ ಕಡೆ ತಿರುಗಿ ಹೇಳಿ, ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟಳು. ಹರಿಗೋಲು ಬಂಡೆಗೆ ಬಡಿದು ಹರಿದಿತ್ತಂತೆ. ಅವನು ಈಜಿ ದಡ ಸೇರಿ, ಮೊಣಕೈ ಮುರಿದುಕೊಂಡು ಮಿಲ್ಲಿನ ಹಿಂದೆ ಯಾರದೋ ಮನೆಯ ಪಡಸಾಲೆಯಲ್ಲಿ ಮಲಗಿದ್ದನಂತೆ. ಹೊರಗೆ ನಿಂತವರು ನಗುವವರು ನಕ್ಕರು, ಮೂಗು ಒರೆಸಿಕೊಳ್ಳುವವರು ಒರೆಸಿಕೊಂಡರು. ಗಿರಿಜ ಮಾತ್ರ ಸ್ಟೂಲಿನಿಂದ ಇಳಿಯಲಿಲ್ಲ. ಅಷ್ಟು ಹೊತ್ತು ತಡೆದು ಕೂತ ಅಷ್ಟೂ ಊರಿನವರಿಗೆ ಒಬ್ಬೊಬ್ಬರಿಗೂ ಬದುಕಿದ್ದಾನೆ ಎಂದು ತಿಳಿಸಿ, ಆಮೇಲೆ ತಂತಿ ಕಿತ್ತಳು.

ಆ ರಾತ್ರಿ ಗುರುಸಿದ್ದಮ್ಮನವರ ಮನೆಯಲ್ಲೇ ಉಳಿದೆವು. ಬೆಳಗ್ಗೆ ಗಿರಿಜ ನನಗಿಂತ ಮುಂಚೆ ಎದ್ದು ಸ್ನಾನ ಮಾಡಿ ಬ್ಯಾಗು ಕಟ್ಟಿದ್ದಳು. ಹೊರಡೋಣ ಅತ್ತೆ ಎಂದಳು, ಮತ್ತೆ ಆ ಸಣ್ಣ ದನಿಯಲ್ಲಿ. ಕೆಲಸ ಬೇಡವೇ ಎಂದು ಕೇಳಿದೆ. "ಅವರ ಕಾಗದ ಬಂದಿಲ್ವಲ್ಲ ಅತ್ತೆ. ಅವರು ಹೂಂ ಅನ್ನದೆ ಹೆಂಗೆ ಸೇರ್ಲಿ?" ಎಂದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ನಾನು ತೊಡೆಯ ಮೇಲಿದ್ದ ಬ್ಯಾಗನ್ನು ಬಿಗಿಯಾಗಿ ಹಿಡಿದುಕೊಂಡು, "ನಾನು ಹೇಳ್ತಾ ಇದ್ದೀನಿ ಕಣೇ, ಹೋಗಿ ಸೈನ್ ಹಾಕು. ಬಸವರಾಜನ ಜೊತೆ ನಾನು ಮಾತಾಡ್ಕೊತೀನಿ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಅವಳು ಕೆಲಸಕ್ಕೆ ಸೇರಿದಳು. ತೋಂಟದಾರ್ಯನನ್ನು ವಾಪಸ್ಸು ಕಳಿಸಿ, ಪಾತ್ರೆ, ಹಾಸಿಗೆ, ಒಂದು ಮೂಟೆ ರಾಗಿ ತರಿಸಿಕೊಂಡು ನಾನು ಒಂದು ವಾರ ಅಲ್ಲೇ ಇದ್ದೆ. ಸದಾಶಿವಯ್ಯನವರ ಮನೆಯ ಪಕ್ಕದ ಎರಡು ಕೋಣೆ ಸಿಕ್ಕಿದೆ. ಕಿಟಕಿಗೆ ಚಿಲಕ ಹಾಕಿಸಿದ್ದೇನೆ. ಗುರುಸಿದ್ದಮ್ಮ ಒಳ್ಳೆಯ ಹೆಂಗಸು, ಮಗಳಂತೆ ನೋಡಿಕೊಳ್ಳುತ್ತಾರೆ. ಮಾರನೆಯ ದಿನ ಗಾಳಿ ನಿಂತ ಮೇಲೆ ದುರ್ಗಯ್ಯ ಕೈಗೆ ಕಟ್ಟು ಕಟ್ಟಿಸಿಕೊಂಡು ಬಂದು ಗಿರಿಜನಿಗೆ ಕೈ ಮುಗಿಯಲು ಹೋದ, ಕಟ್ಟು ಕಟ್ಟಿದ ಕೈ ಏಳಲಿಲ್ಲ. ನಿನ್ನೆ ನಾನು ಬಸ್ಸಿನಲ್ಲಿ ಒಬ್ಬಳೇ ಬಂದೆ, ಮೂರು ಬಸ್ಸು ಬದಲಾಯಿಸಿ. ನಿಮ್ಮಪ್ಪ ಬಸ್ಸು ನಿಲ್ಲುವ ಗೇಟಿನ ಹತ್ತಿರ ನಿಂತಿದ್ದರು. ನನ್ನ ಹಿಂದೆ ಯಾರೂ ಇಳಿಯದ್ದನ್ನು ನೋಡಿ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಮುದ್ದೆ ಮುರಿಯುತ್ತಾ, ಅಷ್ಟು ದನಿಯಿದ್ದವಳು ನನ್ನನ್ನು ಊಟಕ್ಕೆ ಯಾಕೆ ಸರಿಯಾಗಿ ಕರೆಯುತ್ತಿರಲಿಲ್ಲ ಎಂದಷ್ಟೇ ಕೇಳಿದರು. ಅವರ ಮಟ್ಟಿಗೆ ಅದು ಒಪ್ಪಿಗೆ ಎಂದು ನಾನು ತಿಳಿದುಕೊಂಡಿದ್ದೇನೆ.

ಕಾಲು ಬೆಚ್ಚಗಿಟ್ಟುಕೋ. ನಿನ್ನ ಜೊತೆಯ ಹುಡುಗರಿಗೆಲ್ಲ ನಾನು ಕೇಳಿದೆನೆಂದು ಹೇಳು. ಮಠದ ಗದ್ದಿಗೆಗೆ ನಿನ್ನ ಹೆಸರಿನಲ್ಲಿ ಹೂವು ಏರಿಸಿ ಬಂದಿದ್ದೇನೆ, ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ದ್ರಾಕ್ಷಾಯಣಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವಳನ್ನು ಕಳಿಸಬೇಡಿ, ಇದೇ ನನ್ನ ಕೊನೆಯ ಮಾತು ಎಂದು ನೀನು ನಿಮ್ಮಪ್ಪನಿಗೆ ಬರೆದ ಕಾಗದ ನಾವು ಹೊರಡುವ ಹಿಂದಿನ ದಿನವೇ ಬಂದಿತ್ತು. ನಿಮ್ಮಪ್ಪ ಓದಿ ನನ್ನ ಕೈಗೆ ಕೊಟ್ಟರು. ಊರು ನೋಡಿ ಅವಳ ಮನಸ್ಸು ತಣಿದ ಮೇಲೆ ಕೊಡೋಣವೆಂದು ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಅವಳು ನಿನ್ನ ಕಾಗದ ಬಂದಿಲ್ಲ ಎಂದಾಗಲೂ ಅದು ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲೇ ಇತ್ತು. ಕೊಡಲಿಲ್ಲ. ಇದು ತಪ್ಪೆಂದು ಗೊತ್ತು, ತಪ್ಪು ನನ್ನದು, ಅವಳದಲ್ಲ, ಅವಳಿಗೆ ಇವತ್ತಿಗೂ ತಿಳಿಯದು. ಕಾಗದ ನನ್ನ ಟ್ರಂಕಿನಲ್ಲಿದೆ, ರಜೆಗೆ ಬಂದಾಗ ನಿನಗೇ ಕೊಡುತ್ತೇನೆ. ಅದರಲ್ಲಿ ಬರೆದ ಮಾತು ಈಗಲೂ ನಿನ್ನದೇ ಆದರೆ ನಮ್ಮ ಕೈಯಲ್ಲಿ ಹೇಳಿಸಬೇಡ. ಕೋಡಿಹಳ್ಳಿಗೆ ಒಂದು ಟ್ರಂಕಾಲ್ ಮಾಡು. ನಂಬರ್ ಏನೂ ಬೇಡ, ಎಕ್ಸ್‌ಚೇಂಜ್ ಎಂದರೆ ಸಾಕು. ಬೆಳಗ್ಗೆ ಏಳರಿಂದ ಮೂರರವರೆಗೆ ಎತ್ತುವವಳು ಅವಳೇ.